ಹವಾಯಿ ಶೈಲಿಯ ಪ್ಯಾನ್‌ಕೇಕ್: ಒಂದು ತಾತ್ವಿಕ ಅನುಸಂಧಾನ (ಘೋಡಬಂದರ್ ರಸ್ತೆಯನ್ನು ಅನುಲಕ್ಷಿಸಿ)

ಹವಾಯಿ ಶೈಲಿಯ ಪ್ಯಾನ್‌ಕೇಕ್ ಎಂಬುದು ಮೈದಾ, ಹಾಲು, ಮೊಟ್ಟೆ, ಸಕ್ಕರೆ, ಸೋಡಾಪುಡಿ ಕಲಸಿದ ಹಿಟ್ಟನ್ನು ಕಾವಲಿಯ ಮೇಲೆ ಅಂಗೈಯಗಲಕ್ಕೆ ಹೊಯ್ದು, ಎರಡೂ ಬದಿ ಬೇಯಿಸಿ, ಮೂರೋ ಐದೋ ಒಂದರ ಮೇಲೊಂದು ಪೇರಿಸಿ, ನೆತ್ತಿಯ ಮೇಲೆ ನೊರೆಗೆನೆಯ ಗೋಪುರ ಕಟ್ಟಿ, ಗೋಪುರದ ತುದಿಗೆ ಅನಾನಸಿನ ಹೋಳು ಸಿಕ್ಕಿಸಿ, ಪಕ್ಕದಲ್ಲಿ ಕಾಗದದ ಪುಟ್ಟ ಕೊಡೆಯೊಂದನ್ನು ನೆಟ್ಟು ತಂದಿಡುವ ತಿಂಡಿ. ಈ ವ್ಯಾಖ್ಯೆ ಅಡುಗೆಯವನಿಗೆ ಸಾಕು, ವಿದ್ವತ್ ವಲಯಕ್ಕೆ ಸಾಲದು. ವಿದ್ವತ್ತಿನ ನೆಲೆಯಲ್ಲಿ ಇದು ‘ಕೇಂದ್ರ–ಪರಿಧಿಗಳ ಮುಖಾಮುಖಿಯಲ್ಲಿ ರೂಪುಗೊಂಡ ಸ್ತರೀಕೃತ ಪಿಷ್ಟಸಂಕಥನ’. ಸ್ತರೀಕೃತ ಎಂದರೆ ಪೇರಿಸಿದ್ದು. ಪಿಷ್ಟ ಎಂದರೆ ಹಿಟ್ಟು. ಸಂಕಥನ ಎಂದರೆ ಏನೆಂದು ಇದುವರೆಗೆ ಯಾರೂ ಕೇಳಿಲ್ಲ. ಕೇಳಿದರೆ ತನಗೆ ಗೊತ್ತಿಲ್ಲವೆಂಬುದು ಪಕ್ಕದ ಕುರ್ಚಿಯವನಿಗೆ ಗೊತ್ತಾದೀತು ಎಂಬ ಅಂಜಿಕೆಯೇ ಆ ಪದದ ಆಯುಸ್ಸು.

ಅಧ್ಯಯನದ ವ್ಯಾಪ್ತಿ ಘೋಡಬಂದರ್ ರಸ್ತೆ. ಠಾಣೆಯ ಮಾಜಿವಡಾದಿಂದ ಹೊರಟು ಕಾಪುರ್‌ಬಾವಡಿ, ಮಾನ್‌ಪಾಡಾ, ಪಾತ್ಲಿಪಾಡಾ, ವಾಘ್‌ಬಿಳ್, ಕಾಸಾರವಡವಲಿ, ಗಾಯ್‌ಮುಖ್ ದಾಟಿ, ಒಂದು ಮಗ್ಗುಲಲ್ಲಿ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಕಾಡನ್ನೂ ಇನ್ನೊಂದು ಮಗ್ಗುಲಲ್ಲಿ ಖಾಡಿಯನ್ನೂ ಇಟ್ಟುಕೊಂಡು ಅಹಮದಾಬಾದ್ ಹೆದ್ದಾರಿಯನ್ನು ಸೇರುವ ಈ ರಸ್ತೆಯ ಉದ್ದ ಸುಮಾರು 20 ಕಿಲೋಮೀಟರ್. ಉದ್ದವನ್ನು ಕಿಲೋಮೀಟರಿನಲ್ಲಿ ಹೇಳುವುದು ಪುಸ್ತಕದ ಕ್ರಮ. ಇಲ್ಲಿನವರು ಗಂಟೆಯಲ್ಲಿ ಹೇಳುತ್ತಾರೆ. ಅರಬ್ ವ್ಯಾಪಾರಿಗಳು ಕುದುರೆ ಇಳಿಸುತ್ತಿದ್ದ ಬಂದರು ಆದ್ದರಿಂದ ಘೋಡಬಂದರ್ ಎಂದು ಹೆಸರಾಯಿತೆಂಬುದು ರೂಢಿಯ ಮಾತು. ಅಲ್ಲಿನ ಪೋರ್ಚುಗೀಸ್ ಕೋಟೆಯನ್ನು 1737ರಲ್ಲಿ ಮರಾಠರು ಗೆದ್ದರು. ಈಗ ಮುತ್ತಿಗೆ ಹಾಕಿರುವುದು ಗುಜರಾತಿನಿಂದ ನ್ಹಾವಾ ಶೇವಾ ಬಂದರಿಗೆ ಹೋಗುವ ಕಂಟೇನರ್ ಲಾರಿಗಳು. ಇವನ್ನು ಗೆಲ್ಲುವವರು ಇನ್ನೂ ಹುಟ್ಟಿಲ್ಲ. ನಡುವಿನಲ್ಲಿ ಮೆಟ್ರೋದ ಕಂಬಗಳು, ಕಂಬಗಳ ಬುಡದಲ್ಲಿ ಹೊಂಡಗಳು, ಹೊಂಡಗಳ ನಡುವೆ ಅಲ್ಲಲ್ಲಿ ರಸ್ತೆ.

‘ಪಾಡಾ’ ಎಂದರೆ ಆದಿವಾಸಿಗಳ ಹಾಡಿ. ಮಾನ್‌ಪಾಡಾ, ಪಾತ್ಲಿಪಾಡಾ, ಭಾಯಂದರ್‌ಪಾಡಾ ಎಂದು ಬಸ್ ನಿಲ್ದಾಣಗಳಲ್ಲಿ ಹಾಡಿ ಉಳಿದಿದೆ. ನಿಲ್ದಾಣದ ಹಿಂದೆ ಎದ್ದ ಮೂವತ್ತು ಮಹಡಿಯ ಕಟ್ಟಡಗಳಿಗೆ ಇಟಲಿ, ಸ್ಪೇನ್, ಗ್ರೀಸ್ ದೇಶಗಳ ಊರಿನ ಹೆಸರು. ಆ ಕಟ್ಟಡಗಳ ಲಾಬಿಯಲ್ಲಿ, ಲಿಫ್ಟಿನ ಪಕ್ಕದ ಕೆಮ್ಮಣ್ಣು ಬಣ್ಣದ ಗೋಡೆಯಲ್ಲಿ, ಬಿಳಿ ಗೆರೆಯ ಮನುಷ್ಯರು ಕೈಕೈ ಹಿಡಿದು ವೃತ್ತಾಕಾರವಾಗಿ ಕುಣಿಯುತ್ತಿರುತ್ತಾರೆ. ಅದಕ್ಕೆ ‘ವಾರ್ಲಿ ಶೈಲಿ’ ಎನ್ನುತ್ತಾರೆ. ಈ ಅಂಶವನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕು.

ಇನ್ನು ಅಧ್ಯಯನ ತಂಡ. ಹವಾಯಿ ಶೈಲಿಯ ಪ್ಯಾನ್‌ಕೇಕನ್ನು ಒಬ್ಬನೇ ಹೋಗಿ ತಿಂದ ನಿದರ್ಶನ ಎಲ್ಲೂ ಸಿಗುವುದಿಲ್ಲ. ಅದು ಸ್ವಭಾವತಃ ಸಾಮುದಾಯಿಕ, ಏಕೆಂದರೆ ಒಬ್ಬನಿಂದ ಮುಗಿಯುವುದಿಲ್ಲ ಮತ್ತು ಫೋಟೋ ತೆಗೆಯಲು ಇನ್ನೊಬ್ಬರು ಬೇಕು. ಪ್ರಸ್ತುತ ನಿದರ್ಶನದಲ್ಲಿ ಗೆಳೆಯರು ನಾಲ್ವರು, ಎಲ್ಲರೂ ಅರುವತ್ತು ದಾಟಿದವರು, ಒಂದೇ ಕನ್ನಡ ರಾತ್ರಿ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತವರು. ಸಂಶೋಧನಾ ಶಿಸ್ತಿನಂತೆ ಇವರನ್ನು ಊರಿನ ಮೊದಲಕ್ಷರದಿಂದ ಗುರುತಿಸಲಾಗಿದೆ. ಕಲ್ಯಾಣದವರು ‘ಕ’. ನವಿ ಮುಂಬೈಯ ನೆರೂಳ್‌ನವರು ‘ನ’. ಡೊಂಬಿವಲಿಯವರು ‘ಡ’. ನಾಲ್ಕನೆಯವರು ನಾಲಾಸೋಪಾರದವರು, ಅವರೂ ‘ನ’; ಗೊಂದಲವಾಗದಿರಲೆಂದು ಅವರನ್ನು ‘ನ ಒತ್ತು’ ಎಂದು ಕರೆಯಬೇಕಾಯಿತು. ಕ ಮತ್ತು ಡ ಲೋಕಲ್ ರೈಲಿನಲ್ಲಿ, ನ ಟ್ರಾನ್ಸ್ ಹಾರ್ಬರ್ ಮಾರ್ಗದಲ್ಲಿ ಠಾಣೆಗೆ ಬಂದು, ಮೂವರೂ ಸ್ಟೇಷನ್ ಪಶ್ಚಿಮದ ಸೇತುವೆಯ ಮೇಲಿಂದ ಟಿಎಂಟಿ ಬಸ್ಸು ಹತ್ತಿ ವಾಘ್‌ಬಿಳ್ ಬಳಿ ಇಳಿದರು. ನ ಒತ್ತು ಮಗನ ಕಾರು ತೆಗೆದುಕೊಂಡು ವಸಾಯಿ ಕಡೆಯಿಂದ ವರ್ಸೋವಾ ಸೇತುವೆ ದಾಟಿ ಬರುವುದೆಂದು ತೀರ್ಮಾನವಾಗಿತ್ತು. ಈ ರಸ್ತೆಯಲ್ಲಿ ನಾಲ್ವರಲ್ಲಿ ಯಾರ ಮನೆಯೂ ಇಲ್ಲ. ಎಲ್ಲರಿಗೂ ಸಮಾನ ತೊಂದರೆಯಾಗುವ ಜಾಗವೆಂದೇ ಇದನ್ನು ಆರಿಸಲಾಯಿತು. ಹೊರನಾಡಿನಲ್ಲಿ ಪ್ರಜಾಪ್ರಭುತ್ವ ಹೀಗೆಯೇ ನಡೆಯುವುದು.

ಆಟಿ ತಿಂಗಳ ಶನಿವಾರ, ಸಂಜೆ ಆರೂವರೆ. ಮೇಜಿನ ಸುತ್ತ ಕ, ನ, ಡ ಕೂತರು. ಒತ್ತಕ್ಷರ ಗಾಯ್‌ಮುಖದ ಘಾಟಿಯಲ್ಲಿ ಸಿಕ್ಕಿಬಿದ್ದಿತ್ತು.

ಒತ್ತು ಬಿಟ್ಟು ಬರೆದರೆ ಅವರ ರಾತ್ರಿ ಶಾಲೆಯ ಮಾಷ್ಟ್ರು ಕಿವಿ ಹಿಂಡುತ್ತಿದ್ದರು.

ಈಗ ‘ಶೈಲಿ’ ಎಂಬ ಪರಿಕಲ್ಪನೆಯ ವರ್ಗೀಕರಣ. ಶೈಲಿ ಏಳು ವಿಧ. ಮೊದಲನೆಯದು ಗೃಹೀತ ಶೈಲಿ: ಊರು ಬಿಟ್ಟವರು ಊರನ್ನು ಗಂಟು ಕಟ್ಟಿ ತಂದು ಬೇರೆ ಕಡೆ ಬಿಚ್ಚಿದ್ದು. ಉಡುಪಿ ಹೋಟೆಲು ಇದಕ್ಕೆ ಉದಾಹರಣೆ. ಎ. ರಾಮ ನಾಯಕರು 1942ರಲ್ಲಿ ಮಾಟುಂಗಾದಲ್ಲಿ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ತೆರೆದಾಗ ಅದಕ್ಕೆ ‘ಉಡುಪಿ ಶೈಲಿ’ ಎಂದು ಯಾರೂ ಹೇಳಲಿಲ್ಲ. ಅಡುಗೆಯವರು, ಬಡಿಸುವವರು, ಗಲ್ಲಾದ ಮೇಲೆ ಕೂತವರು ಎಲ್ಲರೂ ಆ ಕಡೆಯವರೇ ಆಗಿರುವಾಗ ಶೈಲಿಯ ಮಾತು ಎಲ್ಲಿಂದ ಬಂತು? ಎರಡನೆಯದು ಆರೋಪಿತ ಶೈಲಿ: ಮುಂಬೈ ಬೀದಿಯ ಮೈಸೂರು ಮಸಾಲೆ ದೋಸೆ. ಕಾವಲಿಯ ಮೇಲೆಯೇ ಬೆಣ್ಣೆ, ಬೀಟ್‌ರೂಟು, ದೊಣ್ಣೆಮೆಣಸು, ಪಾವ್‌ಭಾಜಿ ಮಸಾಲೆಗಳನ್ನು ಕುಟ್ಟಿ ಸವರುವ ಈ ತಿಂಡಿಯನ್ನು ಮೈಸೂರಿನವನೊಬ್ಬ ನೋಡಿದರೆ ಮರ್ಯಾದೆಗೆಂದು ನಗುತ್ತಾನೆ. ಮೂರನೆಯದು ಅಪಹೃತ ಶೈಲಿ. ಅದು ಕೆಳಗೆ ಬರುತ್ತದೆ. ನಾಲ್ಕನೆಯದು ಆರೋಪಿತಾಪಹೃತ, ಐದನೆಯದು ಅಪಹೃತಾರೋಪಿತ. ಆರು ಮತ್ತು ಏಳು ಇವನ್ನೇ ಮತ್ತೆ ಹಿಂದುಮುಂದು ಜೋಡಿಸಿದವು. ಪಿಎಚ್‌ಡಿಗೆ ಪುಟ ಸಾಲದಿದ್ದಾಗ ಬಳಸಬಹುದು. ಇಲ್ಲಿ ಅವುಗಳ ಕೆಲಸವಿಲ್ಲ. ನಿಜ ಹೇಳಬೇಕೆಂದರೆ ಮೊದಲ ಮೂರರ ಕೆಲಸವೂ ಇಲ್ಲ. ಒಂದು ಊರಿನ ಹೆಸರಿನ ಮುಂದೆ ‘ಶೈಲಿ’ ಎಂದು ಸೇರಿಕೊಂಡಿತೆಂದರೆ ಆ ಊರಿನವರು ಆ ಕೋಣೆಯಲ್ಲಿಲ್ಲ ಎಂದೇ ಅರ್ಥ. ವರ್ಗೀಕರಣ ಅಲ್ಲಿಗೆ ಮುಗಿಯಿತು.

ಐತಿಹಾಸಿಕ ಹಿನ್ನೆಲೆ. ಠಾಣೆಯಲ್ಲಿ ಓದುವ ಯಾವುದೇ ಕನ್ನಡ ಪ್ರಬಂಧವೂ ಶಿಲಾಹಾರರಿಂದ ಆರಂಭವಾಗತಕ್ಕದ್ದು. ಯಾದವ ಮಹಾದೇವನು ಶಿಲಾಹಾರ ಸೋಮೇಶ್ವರನನ್ನು ಸಮುದ್ರದಲ್ಲಿ ಮುಳುಗಿಸುವ ಹೊತ್ತಿಗೆ ಊಟದ ಗಂಟೆ ಬಾರಿಸುತ್ತದೆ. ಹಾಗಾಗಿ ಶಿಲಾಹಾರರನ್ನು ಸ್ಮರಿಸಿ ಮುಂದೆ ಹೋಗಲಾಗಿದೆ. ಹವಾಯಿಗೆ 1778ರಲ್ಲಿ ಕ್ಯಾಪ್ಟನ್ ಕುಕ್ ಬಂದ. ಬಂದವನು ಆ ದ್ವೀಪಗಳಿಗೆ ‘ಸ್ಯಾಂಡ್‌ವಿಚ್ ದ್ವೀಪಗಳು’ ಎಂದು ಹೆಸರಿಟ್ಟ. ಬ್ರಿಟನ್ನಿನ ನೌಕಾಖಾತೆಯ ಮುಖ್ಯಸ್ಥನಾಗಿದ್ದ ಅರ್ಲ್ ಆಫ್ ಸ್ಯಾಂಡ್‌ವಿಚ್‌ನ ಗೌರವಾರ್ಥ ಇಟ್ಟ ಹೆಸರು ಅದು. ಎರಡು ಬ್ರೆಡ್ಡಿನ ನಡುವೆ ಏನಾದರೂ ಇಟ್ಟು ತಿನ್ನುವ ತಿಂಡಿಗೂ ಅದೇ ಮನುಷ್ಯನ ಹೆಸರು. ಪಾಶ್ಚಾತ್ಯರ ಬಾಯಲ್ಲಿ ಹವಾಯಿ ಅಂದೇ ತಿಂಡಿಯಾಯಿತು. 1962ರಲ್ಲಿ ಕೆನಡಾದಲ್ಲಿ ಹೋಟೆಲು ನಡೆಸುತ್ತಿದ್ದ ಗ್ರೀಸ್ ಮೂಲದ ಸ್ಯಾಮ್ ಪ್ಯಾನೊಪೌಲಸ್ ಪಿಜ್ಜಾದ ಮೇಲೆ ಡಬ್ಬಿಯ ಅನಾನಸು ಹಾಕಿ ಅದನ್ನು ‘ಹವಾಯಿಯನ್’ ಎಂದು ಕರೆದ. ಪ್ಯಾನ್‌ಕೇಕಿಗೆ ಇದಕ್ಕಿಂತ ಸ್ವಲ್ಪ ಹೆಚ್ಚಿನ ಹಕ್ಕಿದೆ: ಹೊನೊಲುಲುವಿನ ವೈಕೀಕೀಯಲ್ಲಿ 1974ರಲ್ಲಿ ಶುರುವಾದ ‘ಎಗ್ಸ್ ಎನ್ ಥಿಂಗ್ಸ್’ ಎಂಬ ಹೋಟೆಲು 2010ರಲ್ಲಿ ಟೋಕಿಯೋದ ಹರಾಜುಕುವಿನಲ್ಲಿ ಶಾಖೆ ತೆರೆಯಿತು, ನೊರೆಗೆನೆಯ ಗೋಪುರ ನೋಡಲು ಜಪಾನೀಯರು ಸಾಲುಗಟ್ಟಿ ನಿಂತರು, ‘ಹವಾಯಿ ಪ್ಯಾನ್‌ಕೇಕ್’ ಒಂದು ಹುಚ್ಚಾಗಿ ಹಬ್ಬಿತು. ವಾಘ್‌ಬಿಳಕ್ಕೆ ಬರುವಷ್ಟರಲ್ಲಿ ಅದರ ಮೂಲಧಾತು ಎಷ್ಟು ಉಳಿದಿತ್ತೆಂಬುದು ರಾಸಾಯನಿಕ ಪರೀಕ್ಷೆಯ ವಿಷಯ.

ಹೋಗಲಿ, ಬಿಡಿಬಿಡಿಯಾಗಿ ನೋಡಿದರೆ? ಅನಾನಸು ದಕ್ಷಿಣ ಅಮೆರಿಕದ್ದು. ಮಕಡೇಮಿಯಾ ಬೀಜ ಆಸ್ಟ್ರೇಲಿಯಾದ್ದು, 1880ರ ದಶಕದಲ್ಲಿ ಹವಾಯಿಗೆ ಹೋದದ್ದು. ಮೇಪಲ್ ಪಾಕ ಕೆನಡಾದ ಚಳಿಯ ಮರದ್ದು. ಗೋಧಿಯೂ ಅಲ್ಲಿನ ಮೂಲದ್ದಲ್ಲ. ಇಲ್ಲಿನ ಬೇಕರಿಗಳಲ್ಲಿ ಸಾಮಾನ್ಯವಾಗಿ ಬಳಸುವ ನೊರೆಗೆನೆಗೆ ಹಸುವಿನ ಸಂಬಂಧವೂ ಇಲ್ಲ, ಅದು ತಾಳೆಬೀಜದ ಎಣ್ಣೆಯಿಂದ ಆದದ್ದು. ತಟ್ಟೆಯಲ್ಲಿ ಹವಾಯಿಯದ್ದೆಂದು ಉಳಿಯುವುದು ಹೆಸರೊಂದೇ. ಆ ಹೆಸರಿನ ಹಿಂದೆ ಒಂದು ದೇಶವಿತ್ತು, ಅದಕ್ಕೆ ರಾಣಿಯಿದ್ದಳು. 1893ರ ಜನವರಿಯಲ್ಲಿ ಸಕ್ಕರೆ ತೋಟದ ಧಣಿಗಳೂ ಅವರ ಮಿತ್ರರೂ ಅಮೆರಿಕದ ನೌಕಾಪಡೆಯ ನೆರಳಿನಲ್ಲಿ ರಾಣಿ ಲಿಲಿಯುವೊಕಲಾನಿಯನ್ನು ಪಟ್ಟದಿಂದ ಇಳಿಸಿದರು. 1898ರಲ್ಲಿ ಅಮೆರಿಕ ದೇಶವನ್ನು ತನ್ನೊಳಗೆ ಸೇರಿಸಿಕೊಂಡಿತು. 1922ರಲ್ಲಿ ಅನಾನಸು ಬೆಳೆಯಲು ಡೋಲ್ ಎಂಬ ವ್ಯಾಪಾರಿ ಲಾನಾಯಿ ಎಂಬ ದ್ವೀಪವನ್ನು ಹೆಚ್ಚುಕಡಿಮೆ ಇಡಿಯಾಗಿ ಕೊಂಡ. ಗೋಪುರದ ತುದಿಯಲ್ಲಿ ಸಿಕ್ಕಿಸಿದ ಹೋಳಿನ ಪೂರ್ವೋತ್ತರ ಇದು. ಮೆನುಕಾರ್ಡಿನಲ್ಲಿ ಇದನ್ನು ‘ದ್ವೀಪದ ಬಿಸಿಲಿನ ಮುತ್ತು’ ಎಂದು ವರ್ಣಿಸಲಾಗಿದೆ.

ಹವಾಯಿಯ ಜನ ನಿಜವಾಗಿ ಉಂಡದ್ದು ಬೇರೆ, ಕೆಸು. ಕರಾವಳಿಯಲ್ಲಿ ಮಳೆ ಹಿಡಿದೊಡನೆ ತೋಡಿನ ಬದಿಯಲ್ಲಿ, ಬಾವಿಕಟ್ಟೆಯ ಹಿಂದೆ, ಬಚ್ಚಲ ನೀರು ಹರಿಯುವಲ್ಲಿ ಕೇಳದೆ ಬೆಳೆಯುವ ಅದೇ ಕೆಸು. ಅವರ ಭಾಷೆಯಲ್ಲಿ ‘ಕಾಲೋ’. ಅದರ ಗೆಡ್ಡೆಯನ್ನು ಬೇಯಿಸಿ ಜಜ್ಜಿ ಮಾಡುವ ಅಂಬಲಿಯಂಥ ‘ಪೋಯಿ’ ಅವರ ಅನ್ನ. ಎಲೆಯ ಹೆಸರು ‘ಲೂವಾವ್’. ಪ್ರವಾಸಿಗಳಿಗೆ ಟಿಕೆಟ್ ಇಟ್ಟು ತೋರಿಸುವ ಹವಾಯಿ ಔತಣಕ್ಕೆ ಲೂವಾವ್ ಎಂಬ ಹೆಸರು ಬಂದದ್ದು ಈ ಎಲೆಯಿಂದಲೇ. ಎಲೆಯಲ್ಲಿ ಮಾಂಸ, ಮೀನು ಸುತ್ತಿ ಹಬೆಯಲ್ಲಿ ಬೇಯಿಸಿದರೆ ‘ಲಾವ್‌ಲಾವ್’. ಅಕ್ಕಿ, ತೆಂಗಿನಕಾಯಿ, ಹುಣಸೆ, ಬೆಲ್ಲ, ಮೆಣಸು ಅರೆದ ಹಿಟ್ಟು ಸವರಿ ಸುತ್ತಿ ಹಬೆಯಲ್ಲಿ ಬೇಯಿಸಿದರೆ ಪತ್ರೊಡೆ. ಸರಿಯಾಗಿ ಬೇಯದಿದ್ದರೆ ಎರಡೂ ಕಡೆ ಗಂಟಲು ಒಂದೇ ಥರ ತುರಿಸುತ್ತದೆ. ಹವಾಯಿಯವರ ಕಥೆಯಲ್ಲಿ ಮೊದಲ ಕೆಸುವಿನ ಗಿಡ ಹುಟ್ಟಿದ್ದು ಹಾಲೋವಾ ಎಂಬ ಸತ್ತು ಹುಟ್ಟಿದ ಶಿಶುವನ್ನು ಹೂತ ಮಣ್ಣಿನಿಂದ. ಆಮೇಲೆ ಹುಟ್ಟಿದ ತಮ್ಮನೇ ಮನುಷ್ಯ. ಕೆಸು ಅವರಿಗೆ ಅಣ್ಣ. ಪೋಯಿಯ ಬಟ್ಟಲು ತೆರೆದಿರುವಷ್ಟು ಹೊತ್ತು ಮನೆಯಲ್ಲಿ ಜಗಳಕ್ಕೆ ಅವಕಾಶವಿಲ್ಲ, ಅಣ್ಣ ಕೂತಿದ್ದಾನೆ. ಮೆನುಕಾರ್ಡಿನ ಹದಿನಾಲ್ಕು ಪುಟಗಳಲ್ಲಿ ಕೆಸು ಎಲ್ಲೂ ಇಲ್ಲ. ಪುಟ ಒಂಬತ್ತರಲ್ಲಿ ‘ಜೈನ್ ಹವಾಯಿ’ ಇದೆ: ಮೊಟ್ಟೆಯಿಲ್ಲ, ಗೆಡ್ಡೆಯಿಲ್ಲ. ಹವಾಯಿಯಿಂದ ಗೆಡ್ಡೆಯನ್ನು ತೆಗೆದರೆ ಉಳಿಯುವುದು ಸಮುದ್ರ.

ಪ್ರವೇಶವಿಧಿ. ಬಾಗಿಲು ತೆರೆದೊಡನೆ ಹೂವಿನ ಅಂಗಿ ತೊಟ್ಟ ಹುಡುಗರು ಒಕ್ಕೊರಲಿನಿಂದ ‘ಅಲೋಹಾ’ ಎಂದು ಕೂಗುತ್ತಾರೆ. ಬಂದವರು ಏನು ಉತ್ತರಿಸಬೇಕೆಂದು ಸ್ಪಷ್ಟವಾದ ವಿಧಿಯಿಲ್ಲ. ಕ ಅವರು ‘ನಮಸ್ಕಾರ’ ಎಂದರು, ನ ಅವರು ತಲೆ ಅಲ್ಲಾಡಿಸಿದರು, ಡ ಅವರು ಅಭ್ಯಾಸಬಲದಿಂದ ‘ಮೂರು ಜನ’ ಎಂದು ಬೆರಳು ತೋರಿಸಿದರು. ಆಮೇಲೆ ಕಾಯುವಿಕೆ, ಸರಾಸರಿ ನಲವತ್ತು ನಿಮಿಷ. ಈ ಅವಧಿಯನ್ನು ಹೋಟೆಲಿನವರು ‘ಅನುಭವದ ಭಾಗ’ ಎನ್ನುತ್ತಾರೆ. ಕಾಯಿಸುವುದು ಅನುಭವ, ಕೂರಿಸುವುದು ಅನುಭವ, ತಟ್ಟೆಯನ್ನು ಮರದ ಹಲಗೆಯ ಮೇಲಿಟ್ಟು ತರುವುದು ‘ಕ್ಯುರೇಟೆಡ್’ ಅನುಭವ. ವಿಚಾರಸಂಕಿರಣದವರು ‘ಸಂಕಥನ’ ಎಂದು ಎಲ್ಲೆಲ್ಲಿ ಹೇಳುತ್ತಾರೋ ಅಲ್ಲೆಲ್ಲ ಹೋಟೆಲಿನವರು ‘ಅನುಭವ’ ಎನ್ನುತ್ತಾರೆಂಬುದು ಈ ಅಧ್ಯಯನದ ಒಂದು ಗಮನಾರ್ಹ ಫಲಿತ. ಎರಡೂ ಕಡೆ ಪದಾರ್ಥ ಕಡಿಮೆಯಾದಷ್ಟೂ ಪದ ಉದ್ದವಾಗುತ್ತದೆ.

ತಟ್ಟೆ ಬಂತು. ಸೇವನೆಯಲ್ಲಿ ಐದು ಹಂತಗಳನ್ನು ಗುರುತಿಸಲಾಗಿತ್ತು: ದರ್ಶನ, ಛಾಯಾಗ್ರಹಣ, ಗೋಪುರಭಂಗ, ಪಾಕಪ್ಲಾವನ ಮತ್ತು ನಿರ್ವೇದ. ಹೊರಗಿನ ಮಳೆಗೆ ಮೈಯಿಡೀ ಬೆವರಿದ ಗಾಜು, ಒಳಗೆ ಏಸಿಯ ಚಳಿ. ಫೋಟೋ ತೆಗೆಯಲು ಕ ಅವರು ಕನ್ನಡಕ ಒರೆಸಿಕೊಳ್ಳುವಷ್ಟರಲ್ಲಿ ಗೋಪುರ ತಾನಾಗಿಯೇ ವಾಲಿ ಮೂರನೆಯ ಹಂತಕ್ಕೆ ಹೋಯಿತು. ಮೂರನೆಯ ತುತ್ತಿಗೆ ಐದನೆಯ ಹಂತವೂ ಬಂತು. ‘ಎಂತ ಮಾರಾಯ, ಇದು ನಮ್ಮ ಸೆಟ್ ದೋಸೆಯೇ ಅಲ್ವಾ? ಸಕ್ಕರೆ ಹಾಕಿ ಹಾಳು ಮಾಡಿದ್ದಾರೆ ಅಷ್ಟೇ’ ಎಂದು ಡ ಅವರು ಹೇಳಿದ್ದು ದಾಖಲಾಗಿದೆ.

ಈ ಹೇಳಿಕೆಯನ್ನು ಲಘುವಾಗಿ ಪರಿಗಣಿಸುವಂತಿಲ್ಲ. ಉದ್ದು, ಅಕ್ಕಿ ನೆನೆಸಿ ಅರೆದ ಹಿಟ್ಟು ರಾತ್ರಿಯಿಡೀ ಹುದುಗಿ, ಅದರೊಳಗಿನ ಸೂಕ್ಷ್ಮಜೀವಿಗಳು ಬಿಡುವ ಅನಿಲದಿಂದ ಉಬ್ಬುತ್ತದೆ. ಅದಕ್ಕೆ ಎಂಟು ಗಂಟೆ ಬೇಕು, ಮಳೆಗಾಲದಲ್ಲಿ ಇನ್ನೂ ಹೆಚ್ಚು. ಪ್ಯಾನ್‌ಕೇಕಿನ ಹಿಟ್ಟು ಸೋಡಾಪುಡಿ ಹುಳಿಯನ್ನು ಮುಟ್ಟಿದ ಗಳಿಗೆಯಲ್ಲೇ ಅದೇ ಅನಿಲದಿಂದ ಉಬ್ಬುತ್ತದೆ. ಎರಡರ ನಡುವಿನ ವ್ಯತ್ಯಾಸ ಒಂದು ರಾತ್ರಿ. ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ದೋಸೆಯ ಪೂರ್ವಜನ ಪ್ರಸ್ತಾಪವಿದೆ. ಆ ಗ್ರಂಥ ಕಲ್ಯಾಣದ ಅರಸನದು; ಕ ಅವರು ಕಲ್ಯಾಣದವರು; ಆದ್ದರಿಂದ ಪೇರಿಸಿದ ಪ್ಯಾನ್‌ಕೇಕಿನ ಮೇಲೆ ಕ ಅವರಿಗೆ ಎಂಟುನೂರು ವರ್ಷಗಳಿಗೂ ಮಿಕ್ಕಿದ ವಂಶಪಾರಂಪರ್ಯ ಹಕ್ಕಿದೆ ಎಂಬ ವಾದವನ್ನು ಮಂಡಿಸಬಹುದು. ಸೋಮೇಶ್ವರನ ಕಲ್ಯಾಣ ಬೀದರ್ ಜಿಲ್ಲೆಯ ಬಸವಕಲ್ಯಾಣ, ಕ ಅವರದು ಸೆಂಟ್ರಲ್ ರೈಲ್ವೆಯ ಕಲ್ಯಾಣ ಜಂಕ್ಷನ್. ಇಂಥ ಅಲ್ಪಸ್ವಲ್ಪ ಭೇದಗಳನ್ನು ಸಂಶೋಧನೆಯಲ್ಲಿ ಎಣಿಸುವ ಪದ್ಧತಿಯಿಲ್ಲ.

ತಟ್ಟೆ ಒಯ್ಯಲು ಬಂದ ಹುಡುಗನನ್ನು ಡ ಅವರು ಊರು ಕೇಳಿದರು. ಒಡಿಶಾದ ಬಾಲಾಸೋರ್ ಕಡೆ. ಎಲ್ಲಿಯ ತನಕ ಓದಿದ್ದೀಯಾ? ಎಂಟನೆಯ ತನಕ. ಮುಂದೆ? ಹುಡುಗ ನಕ್ಕ. ಬೆಳಿಗ್ಗೆ ಹನ್ನೊಂದಕ್ಕೆ ಬಂದರೆ ಬಿಡುವುದು ರಾತ್ರಿ ಹನ್ನೆರಡಕ್ಕೆ. ಹೂವಿನ ಅಂಗಿ ಒಂದೇ ಇರುವುದರಿಂದ ಆಮೇಲೆ ಅದನ್ನು ಒಗೆದು ಒಣಹಾಕಬೇಕು. ಮಳೆಗಾಲದಲ್ಲಿ ಒಣಗುವುದಿಲ್ಲ.

ಡ ಅವರು ಹನ್ನೆರಡನೆಯ ವಯಸ್ಸಿಗೆ ಕುಂದಾಪುರದ ಕಡೆಯಿಂದ ಬಂದು ಠಾಣೆ ಸ್ಟೇಷನ್ ಬಳಿಯ ಹೋಟೆಲಿನಲ್ಲಿ ಮಾಣಿಯಾಗಿದ್ದವರು. ಆ ಬದುಕನ್ನು ಈಗ ಚಂದ ಮಾಡಿ ಹೇಳುವ ರೂಢಿ ಬಂದಿದೆ, ಅದು ಸುಳ್ಳು. ಮಕ್ಕಳನ್ನು ದುಡಿಸಿದರು. ರಾತ್ರಿ ಮೇಜುಗಳನ್ನು ಜೋಡಿಸಿ ಅದರ ಮೇಲೆಯೇ ಮಲಗಿಸಿದರು. ಲೋಟ ಒಡೆದರೆ ಸಂಬಳದಲ್ಲಿ ಹಿಡಿದರು. ಆದರೆ ಸಂಜೆ ಏಳಕ್ಕೆ ‘ಹೋಗು, ಶಾಲೆಗೆ ಹೊತ್ತಾಯ್ತು’ ಎಂದು ಹೇಳುವ ಧಣಿಗಳೂ ಇದ್ದರು, ಹೋಗಲು ಶಾಲೆಯೂ ಇತ್ತು. ಇಪ್ಪತ್ತನೆಯ ಶತಮಾನದ ಆರಂಭದಲ್ಲೇ ಮುಂಬೈಯಲ್ಲಿ ಮೊಗವೀರರು ಕನ್ನಡ ರಾತ್ರಿ ಶಾಲೆ ತೆರೆದಿದ್ದರು. ಆಮೇಲೆ ಬೇರೆ ಬೇರೆ ಸಂಘಗಳು ತೆರೆದವು. ಹಗಲು ತಟ್ಟೆ ತೊಳೆದ ಕೈ ರಾತ್ರಿ ಸೀಮೆಸುಣ್ಣ ಹಿಡಿಯಿತು. ಬ್ಯಾಂಕಿಗೆ, ರೈಲ್ವೆಗೆ, ಕೋರ್ಟಿಗೆ, ಕಾಲೇಜಿಗೆ ಹೋದವರು ಆ ಬೆಂಚುಗಳಿಂದಲೇ ಎದ್ದು ಹೋದರು. ಕ, ನ, ಡ ಮತ್ತು ಒತ್ತು ಓದಿದ ಶಾಲೆ ಈಗ ಇಲ್ಲ. ಆ ಜಾಗದಲ್ಲಿ ಮೂರು ಮಹಡಿ ವಾಹನ ನಿಲ್ದಾಣ, ಅದರ ಮೇಲೆ ಇಪ್ಪತ್ತೆರಡು ಮಹಡಿ ಮನೆ.

ಇಲ್ಲಿ ಹವಾಯಿಯನ್ನು ಇನ್ನೊಮ್ಮೆ ತರಬೇಕು, ಈ ಸಲ ಪ್ಯಾನ್‌ಕೇಕಿಗಾಗಿ ಅಲ್ಲ. ಅಲ್ಲಿ 1896ರಲ್ಲಿ ಕಾನೂನು ಮಾಡಿ ಶಾಲೆಗಳಿಂದ ಹವಾಯಿ ಭಾಷೆಯನ್ನು ಹೊರಹಾಕಿದರು. ಮಾತಾಡಿದ ಮಕ್ಕಳಿಗೆ ಪೆಟ್ಟು ಬಿತ್ತು. ಮುಂದಿನ ಎರಡು ಮೂರು ತಲೆಮಾರಿನಲ್ಲಿ ಭಾಷೆ ಅಜ್ಜ ಅಜ್ಜಿಯರ ಬಾಯಲ್ಲಿ ಮಾತ್ರ ಉಳಿಯಿತು. 1978ರಲ್ಲಿ ಸಂವಿಧಾನ ತಿದ್ದಿ ಅದನ್ನು ಇಂಗ್ಲಿಷಿನ ಜೊತೆಗೆ ಅಧಿಕೃತ ಭಾಷೆಯಾಗಿ ಮಾಡಿದರು. ಬರೀ ಅಷ್ಟರಿಂದ ಯಾವ ಮಗುವೂ ಮಾತಾಡಲಿಲ್ಲ. 1984ರಲ್ಲಿ ಕವಾಯಿ ದ್ವೀಪದ ಕೆಕಹಾ ಎಂಬಲ್ಲಿ ಕೆಲವರು ಸೇರಿ ಪುಟ್ಟ ಮಕ್ಕಳಿಗೆ ಬರೀ ಹವಾಯಿ ಭಾಷೆಯಲ್ಲಿ ನಡೆಯುವ ಶಿಶುವಿಹಾರ ತೆರೆದರು. ‘ಪೂನಾನ ಲೇಒ’ ಎಂದು ಅದರ ಹೆಸರು; ದನಿಗಳ ಗೂಡು ಎಂದು ಅರ್ಥ. ಹಳೆಯ ಕಾನೂನನ್ನು ಹೋರಾಡಿ 1986ರಲ್ಲಿ ತಿದ್ದಿಸಿದ್ದೂ ಆ ಮಕ್ಕಳ ತಂದೆತಾಯಿಗಳೇ.

ಠಾಣೆಯಲ್ಲಿ ಕನ್ನಡವನ್ನು ಯಾರೂ ನಿಷೇಧಿಸಲಿಲ್ಲ, ಯಾರೂ ಹೊಡೆಯಲಿಲ್ಲ. ತಂದೆತಾಯಿಗಳೇ ಮಕ್ಕಳ ಕೈಹಿಡಿದು ಇಂಗ್ಲಿಷ್ ಶಾಲೆಯ ಗೇಟಿನ ಒಳಗೆ ಬಿಟ್ಟು ಬಂದರು. ಅವರಿಗೆ ಕಾರಣವೂ ಇತ್ತು, ಹೊಟ್ಟೆಗಿಂತ ದೊಡ್ಡ ಕಾರಣ ಯಾವುದೂ ಇಲ್ಲ. ಕ ಅವರ ಮಗಳು ಬೆಂಗಳೂರಿಗೆ ಹೋಗಿ ಬೋರ್ಡು ಓದಲಾರಳು. ನ ಅವರ ಮೊಮ್ಮಗ ‘ಅಜ್ಜ’ ಎನ್ನುವುದೊಂದು ಕನ್ನಡ ಬಲ್ಲ. ಇದರಲ್ಲಿ ಅವರ ತಪ್ಪೆಷ್ಟು ಎಂದು ತೂಗುವುದು ಸುಲಭವಲ್ಲ. ಆದರೆ ಶಾಲೆಯ ದೀಪ ಆರುತ್ತಿದ್ದ ಕಾಲದಲ್ಲೇ ರಾಜ್ಯೋತ್ಸವದ ವೇದಿಕೆಗಳಿಗೆ ದೀಪದ ಕೊರತೆಯಾಗಲಿಲ್ಲ. ಶಾಲು, ಪೇಟ, ಹಾರ, ಹಣ್ಣಿನ ಬುಟ್ಟಿ, ಫಲಕ. ‘ಹೊರನಾಡ ಕನ್ನಡಿಗರ ಅಸ್ಮಿತೆಯ ಬಹುಮುಖಿ ಪಲ್ಲಟಗಳು’ ಎಂಬಂಥ ಪ್ರಬಂಧ ಓದಲು ವಿದ್ವಾಂಸರು ವಿಮಾನದಲ್ಲಿ ಬಂದರು, ಏಸಿ ಕೋಣೆಯಲ್ಲಿ ಉಳಿದರು, ಸಭೆಯಲ್ಲಿ ಕೂತ ಮುದುಕರಿಗೆ ಅವರ ಬದುಕನ್ನೇ ಅವರಿಗೆ ತಿಳಿಯದ ಕನ್ನಡದಲ್ಲಿ ವಿವರಿಸಿ ಮಧ್ಯಾಹ್ನದ ವಿಮಾನಕ್ಕೆ ಹೊರಟುಹೋದರು. ಆ ಒಂದು ಟಿಕೆಟ್ಟಿನ ದುಡ್ಡಿನಲ್ಲಿ ರಾತ್ರಿ ಶಾಲೆಯ ಕರೆಂಟು ಬಿಲ್ಲು ಎಷ್ಟು ತಿಂಗಳು ಕಟ್ಟಬಹುದಿತ್ತೆಂದು ಯಾರೂ ಲೆಕ್ಕ ಹಾಕಲಿಲ್ಲ. ಲೆಕ್ಕ ಗೊತ್ತಿದ್ದವರು ರಾತ್ರಿ ಶಾಲೆಯಲ್ಲಿ ಓದಿದವರೇ, ಅವರು ಮೊದಲ ಸಾಲಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದರು. ಹೂವಿನ ಅಂಗಿ ತೊಟ್ಟು ‘ಅಲೋಹಾ’ ಎನ್ನುವುದಕ್ಕೂ ಪೇಟ ತೊಟ್ಟು ‘ಸಿರಿಗನ್ನಡಂ ಗೆಲ್ಗೆ’ ಎನ್ನುವುದಕ್ಕೂ ಇರುವ ಅಂತರವನ್ನು ಅಳೆಯುವ ಮಾಪಕ ಈ ಅಧ್ಯಯನಕ್ಕೆ ಸಿಕ್ಕಲಿಲ್ಲ. ಒಬ್ಬನಿಗೆ ಅದಕ್ಕಾಗಿ ಸಂಬಳವಾದರೂ ಬರುತ್ತದೆ.

ವಿಷಯಾಂತರವಾಯಿತು. ಬಿಲ್ಲಿನ ಮೀಮಾಂಸೆಗೆ ಬರೋಣ. ಅನಾನಸು ಪ್ಯಾನ್‌ಕೇಕ್ 465 ರೂಪಾಯಿ, ಮೊಟ್ಟೆಯಿಲ್ಲದ ತೆಂಗಿನ ಪ್ಯಾನ್‌ಕೇಕ್ 495, ಮೂರು ಕಾಫಿ 540, ಒಟ್ಟು 1,500. ಅದರ ಮೇಲೆ ಶೇಕಡಾ 10ರಂತೆ ‘ದ್ವೀಪ ಆತಿಥ್ಯ ವಂತಿಗೆ’ 150, ಆ ಮೊತ್ತದ ಮೇಲೆ ಶೇಕಡಾ 5 ಜಿಎಸ್‌ಟಿ. ಸೇವಾಶುಲ್ಕವನ್ನು ಬಿಲ್ಲಿನಲ್ಲಿ ತಾನಾಗಿ ಸೇರಿಸಬಾರದು, ಬೇರೆ ಹೆಸರಿಟ್ಟೂ ವಸೂಲು ಮಾಡಬಾರದು ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲಿ ಹೇಳಿದೆ. 2025ರ ಮಾರ್ಚಿನಲ್ಲಿ ದೆಹಲಿ ಹೈಕೋರ್ಟು ಅದನ್ನು ಎತ್ತಿಹಿಡಿದಿದೆ. ನ ಅವರು ವಾಶಿಯ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು, ಕಾನೂನನ್ನು ಹೆಸರು ಹಿಡಿದು ಹೇಳಿದರು. ಮ್ಯಾನೇಜರು ಬಂದು ದ್ವೀಪವನ್ನು ಬಿಲ್ಲಿನಿಂದ ಅಳಿಸಿದ. 1,575 ರೂಪಾಯಿ ಉಳಿಯಿತು. ಆಮೇಲೆ ‘ನಾನು ಕೊಡ್ತೇನೆ’, ‘ನೀನು ಸುಮ್ಮನಿರು ಮಾರಾಯ’, ‘ಕಳೆದ ಸಲ ನೀನೇ ಅಲ್ವಾ ಕೊಟ್ಟದ್ದು’ ಎಂಬ ಸಾಂಪ್ರದಾಯಿಕ ಜಗಳ ಹತ್ತು ನಿಮಿಷ ನಡೆಯಿತು. ಮೇಜಿನ ಮೇಲೆ ಪೋಯಿಯ ಬಟ್ಟಲು ಇಲ್ಲದ್ದರಿಂದ ಇದಕ್ಕೆ ಶಾಸ್ತ್ರದ ಅಡ್ಡಿಯಿರಲಿಲ್ಲ. ಕೊನೆಗೆ ತಲಾ 525. ಬಾಲಾಸೋರಿನ ಹುಡುಗನ ಕೈಗೆ ಡ ಅವರು ಬೇರೆಯಾಗಿ 200 ಕೊಟ್ಟರು.

ನಿರ್ಗಮನ. 1853ರ ಏಪ್ರಿಲ್ 16ರಂದು ಬೋರಿ ಬಂದರಿನಿಂದ ಹೊರಟ ದೇಶದ ಮೊದಲ ಪ್ರಯಾಣಿಕ ರೈಲು 34 ಕಿಲೋಮೀಟರ್ ದೂರದ ಠಾಣೆಯನ್ನು ಒಂದೂಕಾಲು ಗಂಟೆಯೊಳಗೆ ಮುಟ್ಟಿತ್ತು. ವಾಘ್‌ಬಿಳದಿಂದ ಠಾಣೆ ಸ್ಟೇಷನ್ನಿಗೆ ಅದರ ಮೂರನೆಯ ಒಂದು ಭಾಗವೂ ಆಗದ ದಾರಿಗೆ ಅಂದು ಬಸ್ಸು ಒಂದೂಮುಕ್ಕಾಲು ಗಂಟೆ ತೆಗೆದುಕೊಂಡಿತು. ಪಕ್ಕದಲ್ಲಿ ಊಟದ ಪೆಟ್ಟಿಗೆ ಬೆನ್ನಿಗೆ ಕಟ್ಟಿಕೊಂಡ ಬೈಕಿನ ಹುಡುಗರು ನೀರು ತುಂಬಿದ ಹೊಂಡ ಯಾವುದು, ರಸ್ತೆ ಯಾವುದು ಎಂದು ಊಹೆಯ ಮೇಲೆ ಲಾರಿಗಳ ನಡುವೆ ನುಗ್ಗುತ್ತಿದ್ದರು. ಪ್ರತಿ ಮಳೆಗಾಲದಲ್ಲೂ ಈ ರಸ್ತೆಯಲ್ಲಿ ಊಹೆ ತಪ್ಪಿದವರ ಸುದ್ದಿ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ.

ನ ಒತ್ತು ಅವರಿಂದ ಮೂರು ಸಂದೇಶಗಳು ಬಂದದ್ದು ದಾಖಲೆಯಲ್ಲಿದೆ. 6.40ಕ್ಕೆ: ‘ಗಾಯ್‌ಮುಖದಲ್ಲಿದ್ದೇನೆ.’ 8.10ಕ್ಕೆ: ‘ಗಾಯ್‌ಮುಖದಲ್ಲೇ ಇದ್ದೇನೆ.’ 9.05ಕ್ಕೆ ಒಂದು ಚಿತ್ರ. ಸ್ಟಿಯರಿಂಗಿಗೆ ಆನಿಸಿದ ಸ್ಟೀಲಿನ ಡಬ್ಬಿ, ಅದರಲ್ಲಿ ಉಳಿದ ಎರಡು ತುಂಡು ಪತ್ರೊಡೆ, ಗಾಜಿನಾಚೆ ಮಳೆಯಲ್ಲಿ ಒಂದು ಕಂಟೇನರಿನ ಹಿಂಬದಿ. ಅಡಿಯಲ್ಲಿ ಹೀಗಿತ್ತು: ‘ಮನೆಯವಳು ನಿಮಗೆಂದೇ ಕಟ್ಟಿಕೊಟ್ಟದ್ದು. ಹಸಿವು ತಡೆಯಲಿಲ್ಲ, ನಾನೇ ತಿಂದೆ. ಕಾಯಬೇಡಿ, ಹಿಂದೆ ತಿರುಗಿಸುತ್ತಿದ್ದೇನೆ.’

ಡಬ್ಬಿಯಲ್ಲಿ ಮೊದಲು ಇದ್ದದ್ದು ಎಂಟು ತುಂಡು. ಆ ಶನಿವಾರ ಘೋಡಬಂದರ್ ರಸ್ತೆಯಲ್ಲಿ ಸೇವಿಸಲಾದ ಹವಾಯಿ ಆಹಾರದ ಒಟ್ಟು ಪ್ರಮಾಣವನ್ನು ಆರು ಎಂದು ನಮೂದಿಸಲಾಗಿದೆ.